ಮೂಗಿನಕ್ಕ ತಲೆಯಾಡಿಸಿದ ಮೂಟೆ

ಊರಿನ ತರಕಾರಿ ಸಂತೆಯಲ್ಲಿ ಹಾಸ್ಟೆಲ್ ಅಡುಗೆಯವಳ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಎಲ್ಲರಿಗೂ ಅವಳು ಮೂಗಿನಕ್ಕ. ಅರವತ್ತು ಹೆಣ್ಣುಮಕ್ಕಳಿಗೆ ಹದಿನೆಂಟು ವರ್ಷದಿಂದ ಬೇಯಿಸಿ ಹಾಕುತ್ತಿದ್ದವಳು, ಮೂಟೆಯ ಬಾಯಿ ಬಿಚ್ಚಿಸಿ, ಒಳಗೆ ಮುಖವಿಟ್ಟು ಒಮ್ಮೆ ಉಸಿರೆಳೆದಳೆಂದರೆ ಮುಗಿಯಿತು, ತಳದಲ್ಲಿ ಕೊಳೆತ ಒಂದೇ ಒಂದು ಆಲೂಗಡ್ಡೆಯೂ ಸಿಕ್ಕಿಬೀಳುತ್ತಿತ್ತು. ಅವಳು ತಲೆಯಾಡಿಸಿದ ಮೂಟೆಗೆ ಜನ ಮುಗಿಬೀಳುತ್ತಿದ್ದರು. ಮೂಗು ಮುರಿದಳೋ, ಆ ಮೂಟೆ ಸಂಜೆಯವರೆಗೂ ಅಲ್ಲೇ ಬಿದ್ದಿರುತ್ತಿತ್ತು. ವ್ಯಾಪಾರಿಗಳು ಅವಳನ್ನು ಒಳಗೊಳಗೇ ಶಪಿಸುತ್ತ ಹೊರಗೆ ಹಲ್ಲು ಕಿರಿಯುತ್ತಿದ್ದರು.

ಆ ಮೂಗು ಸತ್ತು ಐದು ವಾರವಾಗಿತ್ತು. ಜ್ವರ ಬಂತು, ಹೋಯಿತು. ಹೋಗುವಾಗ ವಾಸನೆ, ರುಚಿ ಎರಡನ್ನೂ ಹೊತ್ತೊಯ್ದಿತು. ಇಂದು ಬಂದೀತು, ನಾಳೆ ಬಂದೀತು ಎಂದು ಕಾದಳು. ಹಾಳಾದ್ದು ಬರಲಿಲ್ಲ. ತಳ ಹಿಡಿದದ್ದು, ಹಳಸಿದ್ದು ಗೊತ್ತಾಗದ ಅಡುಗೆಯವಳನ್ನು ಯಾವ ಹಾಸ್ಟೆಲ್ ಇಟ್ಟುಕೊಂಡೀತು? ಅಡುಗೆಮನೆಯ ಹಿಂದಿನ ಕೋಣೆಯೊಂದನ್ನು ಬಿಟ್ಟರೆ ಅವಳಿಗೆ ತಲೆಯ ಮೇಲೆ ಸೂರಿರಲಿಲ್ಲ. ಬಾಯಿ ಮುಚ್ಚಿಕೊಂಡಳು. ಉಪ್ಪನ್ನು ಚಮಚದಲ್ಲಿ ಅಳೆದು ಹಾಕಿದಳು, ಒಲೆಯ ಮುಂದಿನಿಂದ ಕದಲಲಿಲ್ಲ. ಸಂತೆಯಲ್ಲಿ ಎಂದಿನಂತೆ ಮೂಟೆಗೆ ಮುಖವಿಟ್ಟು ತಲೆಯಾಡಿಸುತ್ತಿದ್ದಳು.

ಆ ಬೆಳಿಗ್ಗೆ ಆಲೂಗಡ್ಡೆಯವನು, ನೆಗಡಿಯಿಂದ ಸೊರಸೊರ ಅನ್ನುತ್ತಲೇ, ಹೊಸ ಮೂಟೆ ಬಿಚ್ಚಿದ. ಮೂಗಿನಕ್ಕ ಬಗ್ಗಿದಳು, ತಲೆಯಾಡಿಸಿದಳು, ಹಾಸ್ಟೆಲಿಗೆ ಹತ್ತು ಕೆಜಿ ತೂಗಿಸಿದಳು. ಹಿಂದಿದ್ದವರೂ ಚೀಲ ಒಡ್ಡಿದರು. ಅವರಲ್ಲಿ ಹಾಸ್ಟೆಲ್ ವಾರ್ಡನ್ನಿನ ತಂಗಿಯೂ ಇದ್ದಳು. ನಾಲ್ಕು ಹೆಜ್ಜೆ ಹೋದವಳು ಚೀಲವನ್ನು ಮೂಗಿಗೆ ಹಿಡಿದು, ತಿರುಗಿ ಬಂದು, ಅಷ್ಟನ್ನೂ ನೆಲಕ್ಕೆ ಸುರಿದಳು. ಆಲೂಗಡ್ಡೆಗೆ ಸೀಮೆಎಣ್ಣೆಯ ನಾತ. ಟೆಂಪೋದಲ್ಲಿ ಯಾವನೋ ಪುಣ್ಯಾತ್ಮ ಸೋರುವ ಡಬ್ಬಿಯನ್ನು ಮೂಟೆಯ ಪಕ್ಕ ಇಟ್ಟಿದ್ದನಂತೆ.

ಜನ ಸೇರಿದರು. ಮೂಗಿನಕ್ಕನಿಗೆ ವಾಸನೆ ತಿಳಿದಿಲ್ಲವೆಂದು ಯಾರಿಗೂ ಹೊಳೆಯಲಿಲ್ಲ. ಗೊತ್ತಿದ್ದೂ ತಲೆಯಾಡಿಸಿದ್ದಾಳೆ, ಇಬ್ಬರೂ ಶಾಮೀಲು, ಕಮಿಷನ್ ಹೊಡೆಯುತ್ತಾರೆ ಎಂದರು. ಆಲೂಗಡ್ಡೆಯವನು ಮಕ್ಕಳ ಮೇಲೆ ಆಣೆಯಿಟ್ಟ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬ ಅವನ ತಕ್ಕಡಿಯನ್ನೇ ಕಿತ್ತುಕೊಂಡು, ನಾಳೆಯಿಂದ ಇಲ್ಲಿ ಕೂತರೆ ನೋಡು ಎಂದ.

ಸುಮ್ಮನಿದ್ದರೆ ಮೂಗಿನಕ್ಕನ ಕೆಲಸ ಉಳಿಯುತ್ತಿತ್ತು. ಕಮಿಷನ್ ತಿನ್ನುವ ಅಡುಗೆಯವಳನ್ನು ಬೈದು ಇಟ್ಟುಕೊಳ್ಳುತ್ತಾರೆ, ಮೂಗಿಲ್ಲದವಳನ್ನು ಇಟ್ಟುಕೊಳ್ಳುವುದಿಲ್ಲ. ಆದರೆ ಆಲೂಗಡ್ಡೆಯವನು ಅವಳನ್ನೇ ನೋಡುತ್ತಿದ್ದ. ಅಯ್ಯೋ, ಆ ನೋಟವನ್ನು ಅವಳಿಂದ ತಡೆಯಲಾಗಲಿಲ್ಲ.

"ಅವನದೇನೂ ತಪ್ಪಿಲ್ಲ. ನನಗೆ ವಾಸನೆ ಬರಲ್ಲ. ಜ್ವರ ಬಂದಾಗಿನಿಂದ ಬರಲ್ಲ," ಎಂದಳು.

ಜನ ನಕ್ಕರು. ಎಂಥ ನಾಟಕ ಎಂದರು. ಮೂಗಿನಕ್ಕ ಬಗ್ಗಿ, ಎಣ್ಣೆ ಮೆತ್ತಿದ ಆಲೂಗಡ್ಡೆಯೊಂದನ್ನು ಎತ್ತಿ ಕಚ್ಚಿದಳು. ಜಗಿದಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಉಗಿಯಕ್ಕ, ಉಗಿ," ಎಂದು ಆಲೂಗಡ್ಡೆಯವನೇ ಓಡಿಬಂದು ನೀರಿನ ಚೊಂಬು ಕೊಟ್ಟ. ತಕ್ಕಡಿ ಕಿತ್ತುಕೊಂಡವನು ಅದನ್ನು ಸದ್ದಿಲ್ಲದೆ ಇದ್ದಲ್ಲೇ ಇಟ್ಟ.

ವಾರ್ಡನ್ನಿನ ತಂಗಿಯ ಸಿಟ್ಟು ಇಳಿದಿತ್ತು. ಮೆಲ್ಲಗೆ ಕೇಳಿದಳು: "ಮತ್ತೆ ಇಷ್ಟು ದಿನ ಅಡುಗೆ ಹೇಗೆ ಮಾಡಿದಿರಿ?"

"ಉಪ್ಪು ಅಳತೆ ಮಾಡಿ ಹಾಕ್ತಿದ್ದೆ ಅಮ್ಮ. ಬಡಿಸಿದ ಮೇಲೆ ಮಕ್ಕಳ ಮುಖ ನೋಡ್ತಾ ನಿಲ್ತಿದ್ದೆ. ಕೆಟ್ಟಿದ್ರೆ ಮುಖ ಸಿಂಡರಿಸ್ತಿದ್ವಲ್ಲ? ಒಂದು ಮಗುವೂ ಸಿಂಡರಿಸಲಿಲ್ಲ. ಎಲ್ಲಾ ತಟ್ಟೆ ಖಾಲಿ ಮಾಡ್ತಿದ್ವು." ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ವಾರ್ಡನ್ನಿನ ತಂಗಿ ಖಾಲಿ ಚೀಲವನ್ನು ಮಡಚಿದಳು.

"ನೀವು ಎದುರಿಗೆ ನಿಂತ್ರೆ ಇನ್ನೇನು ಮಾಡ್ತಾವಕ್ಕ? ಆ ಮಕ್ಕಳಿಗೆ ನಿಮ್ಮನ್ನ ಕಂಡ್ರೆ ಭಯ. ನಾಲ್ಕು ವಾರದಿಂದ ಅಳ್ತಾ ನಮ್ಮಕ್ಕನ ಹತ್ರ ಬರ್ತಿದಾವೆ, ಊಟ ಬಾಯಿಗಿಡೋಕಾಗಲ್ಲ, ನಿಮಗೆ ಮಾತ್ರ ಹೇಳಬೇಡಿ ಅಂತ."

ಮೂಗಿನಕ್ಕ ಚೊಂಬು ಹಿಡಿದುಕೊಂಡೇ ನಿಂತಳು. ಕೋಣೆ ಹೋಗುತ್ತದೆ, ಕೆಲಸ ಹೋಗುತ್ತದೆ ಎಂದು ಐದು ವಾರ ಹೆದರಿದ್ದವಳಿಗೆ ಈಗ ಅವೆರಡೂ ನೆನಪಾಗಲಿಲ್ಲ. ಆ ಅರವತ್ತು ಮುಖಗಳ ಮುಂದೆ ಮಧ್ಯಾಹ್ನ ಹೇಗೆ ನಿಲ್ಲಲಿ ಎಂದುಕೊಂಡಳು, ಅಷ್ಟೇ.