ಹಾಸಿಗೆ ಮಾವನ ತೊಂಬತ್ತೆಂಟು

ಒಂದು ತಿಂಗಳು ಇದೇ ಡೈರಿಯಲ್ಲಿ, ನನ್ನದೇ ಅಕ್ಷರದಲ್ಲಿ ಸುಳ್ಳು ಬರೆದಿದ್ದೇನೆ. ಅದೂ ಗೊತ್ತಿಲ್ಲದೆ!

ನನ್ನ ಗಂಡನ ಅಪ್ಪ ನಲವತ್ತು ವರ್ಷ ಹಾಸಿಗೆ ಮಾಡಿದವರು. ಹತ್ತಿ ಹಿಂಜುವ ಯಂತ್ರದ ಮುಂದೆ ಮೂಗಿಗೊಂದು ಬಟ್ಟೆ ಕಟ್ಟದೆ ನಿಂತವರು. ಹಳೆಯ ಹಾಸಿಗೆಯನ್ನು ಅಂಗೈಯಲ್ಲಿ ಒತ್ತಿ, "ನೀವು ಎಡ ಮಗ್ಗುಲು, ಹೆಂಡ್ತಿ ಗೋಡೆ ಕಡೆ, ಸರೀನಾ?" ಎಂದು ಗಿರಾಕಿಯ ಮುಖ ಕೆಂಪಾಗಿಸುತ್ತಿದ್ದರು. ಬೀದಿಗೆಲ್ಲ ಅವರು ಹಾಸಿಗೆ ಮಾವ. ಆ ಧೂಳೆಲ್ಲ ಎದೆಯಲ್ಲಿ ಕೂತು, ಕಳೆದ ವರ್ಷದಿಂದ ಸ್ನಾನ ಮುಗಿಸಿ ಬಂದರೂ ಓಡಿ ಬಂದವರಂತೆ ಏದುಸಿರು. ಅಂಗಡಿಗೆ ಬೀಗ ಬಿತ್ತು.

ಡಾಕ್ಟರು ಔಷಧದ ಜೊತೆಗೆ ವ್ಯಾಯಾಮಕ್ಕೂ ಕಳಿಸಿದರು. ಅಲ್ಲಿ ಕಲಿಸುವಾಕೆಯನ್ನು ಮಾವ ಟೀಚರಮ್ಮ ಎನ್ನುತ್ತಾರೆ. ಮೂಗಿನಿಂದ ಉಸಿರೆಳೆದು, ತುಟಿ ಚೂಪು ಮಾಡಿ ನಿಧಾನವಾಗಿ ಬಿಡುವುದು, ನಡೆಯುವುದು, ಮೆಟ್ಟಿಲು ಹತ್ತುವುದು, ಎಲ್ಲ ತೋರಿಸಿಕೊಟ್ಟು ಆಕೆ ಹೇಳಿದ್ದು ಇಷ್ಟು: "ಮನೇಲೇ ಮಾಡಿ. ಮೆಟ್ಟಿಲು ಹತ್ತಿದ ತಕ್ಷಣ ಬೆರಳಿಗೆ ಈ ಕ್ಲಿಪ್ ಹಾಕಿ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ತೋರ್ಸತ್ತೆ, ದಿನಾ ಡೈರೀಲಿ ಬರೆದಿಡಿ. ಎಂಬತ್ತೆಂಟಕ್ಕಿಂತ ಕೆಳಗೆ ಬಂದ್ರೆ ನಿಲ್ಸಿ, ನಂಗೆ ಫೋನ್ ಮಾಡಿ. ತಿಂಗಳು ಪೂರ್ತಿ ತೊಂಬತ್ತರ ಮೇಲಿದ್ರೆ ಅಂಗಡೀಲಿ ಕೂತು ಬಟ್ಟೆ ಕತ್ತರಿಸೋದಕ್ಕೆ ಒಪ್ಕೋತೀನಿ."

ಅಂಗಡಿ ಎಂದ ಕೂಡಲೇ ಮಾವನ ಬೆನ್ನು ನೆಟ್ಟಗಾಗಿತ್ತು.

ದಿನಾ ಬೆಳಿಗ್ಗೆ ಅವರು ಮೆಟ್ಟಿಲು ಹತ್ತುವಾಗ ನಾನು ಒಲೆಯ ಮುಂದೆ. ನಾಲ್ಕು ವರ್ಷದ ಮಗಳು ಪುಟ್ಟಿ ಅಜ್ಜನ ಬಾಲ.

"ಎಷ್ಟು ಬಂತು ಮಾವ?"

"ತೊಂಬತ್ತೆಂಟು! ಬರ್ಕೋ!" ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಕ್ಲಿಪ್ಪೇ ನಿಧಾನ ಎಂದುಕೊಂಡಿದ್ದೆ.

"ನಂಗೂ ಅಷ್ಟು ಬರಲ್ಲ, ಅಪ್ಪಂಗೆ ಇನ್ನೊಂದು ಮದುವೆ ಮಾಡ್ಬೋದು" ಎಂದು ನನ್ನ ಗಂಡ ನಗುತ್ತಿದ್ದರು. ಆ ಅಂಕಿ ನಂಬಿ ನಾನು ಹತ್ತು ಮೆಟ್ಟಿಲನ್ನು ಇಪ್ಪತ್ತು ಮಾಡಿದೆ, ಇಪ್ಪತ್ತನ್ನು ನಲವತ್ತು. "ಇನ್ನೊಂದು ಸಲ ಮಾವ, ಆಗತ್ತೆ!" ಎಂದು ಕೆಳಗಿನಿಂದ ಕೂಗುತ್ತಿದ್ದೆ.

ಇವತ್ತು ತಿಂಗಳು ತುಂಬಿತು, ಆಸ್ಪತ್ರೆಗೆ ಹೋದೆವು. ಟೀಚರಮ್ಮ ಡೈರಿ ತಿರುವಿ ಹಾಕಿ ಹುಬ್ಬೇರಿಸಿದರು. ಮಾವನನ್ನು ನಡೆಸಿ ನೋಡಲು ಕ್ಲಿಪ್ ತೆಗೆದರು. ಅಜ್ಜನ ತೊಡೆಯ ಮೇಲಿದ್ದ ಪುಟ್ಟಿ ತಟ್ಟನೆ ತನ್ನ ತೋರುಬೆರಳು ಚಾಚಿದಳು.

"ನಿಂಗಲ್ಲ ಚಿನ್ನ, ಅಜ್ಜಂಗೆ" ಎಂದರು ಟೀಚರಮ್ಮ.

"ನಂಗೇ ಹಾಕೋದು! ಅಜ್ಜನ ಬೆರಳಲ್ಲಿ ಬ್ಯಾಟ್ರಿ ಇಲ್ವಂತೆ."

ಮಾವ ನೆಲ ನೋಡುತ್ತಿದ್ದರು. ನನ್ನ ಕಿವಿ ಗುಂಯ್‌ಗುಟ್ಟಿತು. ಅಂದರೆ ಅಷ್ಟೂ ದಿನ ನಾನು ಬರೆದದ್ದು ನನ್ನ ಮಗಳ ಉಸಿರೇ?

ಟೀಚರಮ್ಮ ಮಾವನ ಬೆರಳಿಗೇ ಕ್ಲಿಪ್ ಹಾಕಿ ಪಕ್ಕದಲ್ಲಿ ನಡೆದರು. ಆಸ್ಪತ್ರೆಯ ಕಾರಿಡಾರಿನ ಅರ್ಧವೂ ಮುಗಿದಿರಲಿಲ್ಲ. ಎಂಬತ್ತೊಂದು. ಆಕೆ ಅವರ ತೋಳು ಹಿಡಿದು ಕುರ್ಚಿಗೆ ಕೂರಿಸಿದರು. ಮಾವನ ತುಟಿ ನೀಲಿ. ನಲವತ್ತು ಮೆಟ್ಟಿಲು! ನಾನೇ ಹತ್ತಿಸಿದ್ದು! ಯಾವುದಾದರೊಂದು ಬೆಳಿಗ್ಗೆ ಅವರು ಅಲ್ಲೇ ಉರುಳಿದ್ದರೆ?

"ಯಾಕೆ ಮಾವ?" ನನ್ನ ದನಿ ಅಳುವಿಗೆ ತಿರುಗಿತ್ತು.

"ಅಂಗಡಿ ತೆಗೀಬೇಕಿತ್ತು ಕಣಮ್ಮ."

"ಅಂಗಡಿ ತೆಗೆಯೋಕೆ ನೀವಿರ್ಬೇಕಲ್ಲ ಯಜಮಾನ್ರೇ?" ಟೀಚರಮ್ಮ ಗದರಿಸಿದರು. ಆಮೇಲೆ ಡಾಕ್ಟರನ್ನೂ ಕರೆಸಿದರು. ಮೆಟ್ಟಿಲು ಬಂದ್. ಇನ್ನು ನಡೆಯುವಾಗ ಆಮ್ಲಜನಕದ ಪುಟ್ಟ ಸಿಲಿಂಡರ್, ಕುರ್ಚಿಯಿಂದ ಐದು ಸಲ ಏಳುವುದು ಕೂರುವುದು, ವಾರಕ್ಕೆರಡು ಸಲ ಆಕೆಯ ಕಣ್ಣೆದುರೇ. ಅಂಗಡಿಯ ಮಾತು ಸದ್ಯಕ್ಕಿಲ್ಲ.

ಹೊರಡುವಾಗ ಗೇಟಿನ ಹತ್ತಿರ ಮಾವ ನಿಂತುಬಿಟ್ಟರು. ಹೀಗೆ ನಿಂತಾಗಲೆಲ್ಲ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗುತ್ತಿದ್ದವರು, ಇವತ್ತು ಬಗ್ಗಲಿಲ್ಲ. ಗೋಡೆಗೆ ಕೈಕೊಟ್ಟರು.

"ತಾಳಮ್ಮ," ಎಂದರು, "ಉಸಿರು ಸಿಕ್ತಿಲ್ಲ."

ಮದುವೆಯಾಗಿ ಬಂದ ಈ ಆರು ವರ್ಷದಲ್ಲಿ ಅವರ ಬಾಯಲ್ಲಿ ಈ ಮಾತು ಕೇಳಿದ್ದು ಇದೇ ಮೊದಲು. ಪುಟ್ಟಿಯನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿಕೊಂಡು ನಾನೂ ನಿಂತೆ.