ಅಕ್ಕ ಬರೆದು ಮುಗಿಸದ ಪುಸ್ತಕ

ಜಹೀರಾಬಾದಿನ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದ ನನ್ನ ಅಕ್ಕ ಮಕ್ಕಳಿಗಾಗಿ ಪುಟ್ಟ ಜೀವನಕಥೆಗಳನ್ನು ಬರೆಯುತ್ತಿದ್ದಳು. ರಾಜರು, ಶೂರರು ಅವಳಿಗೆ ಬೇಕಿರಲಿಲ್ಲ. ಮಾತಿನ ಮೇಲೆ ಜೀವ ಇಟ್ಟುಕೊಂಡವರೇ ಬೇಕು: ಬೀಸುವಾಗ ಹಾಡು ಕಟ್ಟುತ್ತಿದ್ದ ಮುದುಕಿ, ಮೂರು ಭಾಷೆ ಬೆರೆಸಿ ಒಗಟು ಹೇಳುತ್ತಿದ್ದ ದರ್ಜಿ. ನಾನು ತಾಂಡೂರಿನಲ್ಲಿ ಚಿತ್ರಕಲೆಯ ಶಿಕ್ಷಕಿ. ಅವಳು ಬರೆದದ್ದಕ್ಕೆ ಚಿತ್ರ ಬಿಡಿಸುವ ಕೆಲಸ ನನ್ನದು.

ಕೊನೆಯ ಪುಸ್ತಕ ನಾರಾಯಣಖೇಡದ ಕಡೆಯ ಒಬ್ಬ ರೈತನದು. ಆತ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಮನೂರ್, ಕಲ್ಹೇರ್ ಸುತ್ತಿನ ಹಳ್ಳಿಗಳನ್ನು ತಿರುಗಿ ಒಕ್ಕಲುತನದ ಶಬ್ದಗಳನ್ನು ಕೂಡಿಸಿದಾತ. ಅಕ್ಕನೂ ನಾನೂ ಶೇರ್ ಆಟೋದಲ್ಲಿ ಕೂತು ಆತನ ಮಗಳನ್ನು ಕಾಣಲು ಹೋಗಿದ್ದೆವು.

"ಸಂತ್ಯಾಗ ಯಾರರೆ ಹೊಸಾ ಮಾತು ಆಡಿದ್ರ ನಮ್ಮಪ್ಪ ಅವರ ಬೆನ್ನಿಂದನೇ ಹೋಗ್ತಿದ್ದರಿ," ಎಂದರು ಆಕೆ. "ಮನಿಗೆ ಕಾಯಿಪಲ್ಯ ಬರ್ತಿದ್ದಿಲ್ಲ, ಮಾತು ಬರ್ತಿದ್ದವು."

ತಿರುಗಿ ಬರುವಾಗ ದಾರಿಯುದ್ದಕ್ಕೂ ಅಕ್ಕ ಅದನ್ನೇ ನೆನೆದು ನಕ್ಕಳು.

ಆ ಮಳೆಗಾಲದಲ್ಲಿ ಅವಳು ಪಾಠ ಮಾಡುತ್ತಲೇ ಲಕ್ವ ಹೊಡೆದು ಕುಸಿದಳು. ಜೀವ ಉಳಿಯಿತು, ಬಲಗೈಯೂ ಮಾತೂ ಹೋದವು. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು. ಅವಳು ಹೇಳಬೇಕೆಂದ ಶಬ್ದ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ನೀರು ಬೇಕಾದರೆ "ಕಿಟಕಿ" ಎನ್ನುವಳು. ತಪ್ಪಾಯಿತೆಂದು ಆ ಕ್ಷಣವೇ ಗೊತ್ತಾಗಿ ಅವಳ ಮುಖ ಕಂದುತ್ತಿತ್ತು. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಚಿತ್ರ ತೋರಿಸಿ ಹೆಸರು ಹೇಳಿಸಿ ಎಂದಿದ್ದರು ಡಾಕ್ಟರು. ರಜೆ ಸಿಕ್ಕಾಗಲೆಲ್ಲ ನಾನು ಪುಸ್ತಕದ ಚಿತ್ರಗಳನ್ನು ಹಿಡಿದು ತಾಂಡೂರಿನಿಂದ ಬರುತ್ತಿದ್ದೆ. ಒಮ್ಮೆ ಆ ರೈತ ಬಿತ್ತುತ್ತಿರುವ ಚಿತ್ರ ಹಿಡಿದು ಕೂರಿಗೆಯ ಮೇಲೆ ಬೆರಳಿಟ್ಟೆ.

"ಅಕ್ಕಾ, ಇದೇನದ ಹೇಳು."

"ಕೂ... ಕೂ..." ಎಂದಳು. "ಕುರ್ಚಿ."

ಅವಳ ಕಣ್ಣು ತುಂಬಿದವು. ಅಡುಗೆಮನೆಯಲ್ಲಿ ಅನ್ನಕ್ಕಿಟ್ಟಿದ್ದ ಭಾವ ಬಾಗಿಲಿಗೆ ಬಂದರು. "ಸಾಕು ಬಿಡವ್ವಾ. ಬಂದಾಗೊಮ್ಮೆ ಪರೀಕ್ಷಾ ಮಾಡಿದ್ರ ಆಕಿಗಿ ಹ್ಯಾಂಗ ಆಗ್ತದ? ಹೇಳಲಿಲ್ಲಂದ್ರೂ ನಡೀತದ."

ಅಂದಿನಿಂದ ಕೇಳುವುದು ಬಿಟ್ಟು ಅವಳು ಬರೆದಷ್ಟನ್ನು ಅವಳಿಗೇ ಓದಿ ಹೇಳತೊಡಗಿದೆ. ಕೊನೆಯ ಕೆಲವು ಪುಟಗಳು ಬಾಕಿ ಇದ್ದವು. ಅವನ್ನು ಇಬ್ಬರೂ ಸೇರಿ ಬರೆದೆವು. ನಾನೊಂದು ವಾಕ್ಯ ಹೇಳುವುದು, ಅವಳು ತಲೆ ಅಲ್ಲಾಡಿಸುವುದು. ಮತ್ತೊಂದು ಹೇಳುವುದು, ಅದೂ ಬೇಡ. ಕಡೆಗೊಮ್ಮೆ ಅವಳು ಹೂಂಗುಟ್ಟಿದಾಗ ಅದನ್ನು ಬರೆದುಕೊಳ್ಳುವುದು. ಆ ಹೊತ್ತಿನಲ್ಲಿ ಅವಳು ನನಗೆ ಮೊದಲಿನ ಅಕ್ಕನೇ ಆಗಿ ಕಾಣುತ್ತಿದ್ದಳು.

ಆ ರೈತ ಸತ್ತ ಪುಟವೊಂದು ಉಳಿಯಿತು. "ತೀರಿಕೊಂಡರು" ಎಂದೆ, ಬೇಡ. "ಕಣ್ಣು ಮುಚ್ಚಿದರು" ಎಂದೆ, ಅದೂ ಬೇಡ.

"ಮಕ್ಕಳಿಗಿ ಮತ್ತ ಹ್ಯಾಂಗ ಹೇಳಬೇಕಕ್ಕ?"

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಏನೋ ಇತ್ತು ಅವಳ ಮನಸ್ಸಿನಲ್ಲಿ; ಅದು ಹೊರಗೆ ಬರಲಿಲ್ಲ. ಮುಂದಿನ ಸಲ ನೋಡೋಣ ಎಂದುಕೊಂಡು ಬಸ್ಸು ಹತ್ತಿದೆ. ನಾನು ಮತ್ತೆ ಬರುವಷ್ಟರಲ್ಲಿ ಅವಳಿಗೆ ಇನ್ನೊಮ್ಮೆ ಲಕ್ವ ಹೊಡೆದಿತ್ತು. ಎಚ್ಚರಾಗಲೇ ಇಲ್ಲ.

ಪುಸ್ತಕವನ್ನು ಭಾವ ಅಚ್ಚು ಹಾಕಿಸಿದರು. ಆ ಪುಟದಲ್ಲಿ "ತೀರಿಕೊಂಡರು" ಎಂದೇ ಬರೆದೆ. ಬೇರೆ ಶಬ್ದ ನನಗೆ ಸಿಗಲಿಲ್ಲ.

ಅವಳ ಶಾಲೆಯಲ್ಲಿ ಮಕ್ಕಳು ಅದನ್ನು ಸರದಿಯಂತೆ ಗಟ್ಟಿಯಾಗಿ ಓದಿದ ದಿನ ನಾನೂ ಭಾವನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಆ ಪುಟ ಬರುವ ಮೊದಲೇ ಭಾವ ಎದ್ದು ಹೊರಗೆ ಹೋದರು. ನಾನೂ ಹಿಂದೆಯೇ ಹೋದೆ.

"ನಿನ್ನ ಬಸ್ಸಿನ ಟೈಮ್ ಆತೇನು?" ಎಂದು ಕೇಳಿದರು.

"ಇನ್ನೂ ಅದರಿ ಭಾವ," ಎಂದೆ.

ಒಳಗೆ ಮಕ್ಕಳು ಓದಿ ಮುಗಿಸುವವರೆಗೂ ವರಾಂಡದಲ್ಲಿ ನಿಂತೆವು.