ಕಾಂಡ್ಲಾ ಗಿಡಕ್ಕೆ ಕಟ್ಟಿದ ಕೆಂಪು ಬಟ್ಟೆ

ಮೂರು ವರ್ಷದ ಹಿಂದಿನ ಮಾರ್ಚ್ ತಿಂಗಳು. ಕಾರವಾರದಲ್ಲಿ ನನ್ನ ಪಿಎಚ್.ಡಿ.ಯ ಕೊನೆಯ ವರ್ಷ. ಅಂಕೋಲೆಯ ಹಟ್ಟಿಕೇರಿ ಹಳ್ಳದ ಉಪ್ಪುನೀರಲ್ಲಿ ಬೆಳೆದ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್, ಕಾಡಿನ ಕೆಸರಲ್ಲಿರುವ ದುಂಡುಹುಳುಗಳೇ ನನ್ನ ವಿಷಯ. ಕೂದಲಿಗಿಂತ ಸಣ್ಣವು, ಯಾರ ಹೊಟ್ಟೆಯನ್ನೂ ಸೇರದೆ ತಮ್ಮ ಪಾಡಿಗೆ ಬದುಕುವಂಥವು. "ಇಷ್ಟೆಲ್ಲ ಓದಿ ಹುಳ ಹುಡುಕೂದನೆ?" ಎಂದು ಆಯಿ ಹಣೆ ಬಡಿದುಕೊಳ್ಳುತ್ತಿದ್ದಳು.

ನವೆಂಬರಿನಲ್ಲಿ ತಂದ ಕೆಸರಿನಲ್ಲಿ, ಯಾರೂ ಈವರೆಗೆ ದಾಖಲಿಸದ ಒಂದು ಹುಳ ಸಿಕ್ಕಿತ್ತು. ಆದರೆ ಸಿಕ್ಕಿದ್ದೆಲ್ಲ ಹೆಣ್ಣು. ಗಂಡಿನ ಬಾಲದ ತುದಿ ನೋಡದೆ ಹೊಸ ಜಾತಿ ಎಂದು ಬರೆಯುವಂತಿಲ್ಲ. "ಗಂಡು ತನ್ನಿ, ಇಲ್ಲ ಆ ಅಧ್ಯಾಯ ಬಿಡಿ" ಎಂದು ಗೈಡ್ ಸರ್ ಕಡ್ಡಿ ಮುರಿದಂತೆ ಹೇಳಿದರು. ನನ್ನ ಮೂರು ವರ್ಷದ ದುಡಿಮೆಗೆಲ್ಲ ಆ ಅಧ್ಯಾಯವೇ ಫಲವಾಗಿತ್ತು.

ಸಮುದ್ರದ ಇಳಿತದ ಹೊತ್ತಿಗೆ ಮತ್ತೆ ಹಳ್ಳಕ್ಕೆ ಹೋದೆ. ಬಳಚು ಎಂಬ ಚಿಪ್ಪುಮೀನು ಆರಿಸುವ ಹೆಂಗಸರು ದಂಡೆಯುದ್ದಕ್ಕೂ ಕೆದಕಿ ಕೆಸರು ಅಡಿಮೇಲಾಗಿತ್ತು. ನನ್ನ ಹುಳ ಇರುವುದೇ ಮೇಲಿನ ಎರಡು ಬೆರಳು ಕೆಸರಲ್ಲಿ! ಕಾಡಿನೊಳಗೆ ನವೆಂಬರಿನಲ್ಲಿ ಕೆಸರು ತೆಗೆದ ನನ್ನ ಜಾಗವೂ ಉಳಿದಿರದು ಎಂದುಕೊಂಡು ಅಲ್ಲೇ ಕೂತು ಅತ್ತುಬಿಟ್ಟೆ.

ಬಳಚಿನ ಬುಟ್ಟಿ ಹಿಡಿದು ಬರುತ್ತಿದ್ದ ದೇವಕ್ಕ ಎಂಬವರು ನಿಂತರು. "ಎಂತಾಯ್ತೆ ತಂಗಿ? ಹಾವು ಗೀವು ಕಚ್ಚಿತನೆ?"

"ಇಲ್ಲಕ್ಕ. ಒಳಗೆ ಒಂದು ಗಿಡಕ್ಕೆ ಗುರುತಿಗೆ ಕೆಂಪು ಬಟ್ಟೆ ಕಟ್ಟಿದ್ದೆ. ಅಲ್ಲಿಯ ಕೆಸರು ಬೇಕಿತ್ತು."

"ಅಯ್ಯ! ಅದು ನಿಂದನೆ? ಯಾರದೋ ಹರಕೆ ಅಂದ್ಕಂಡಿದ್ವು ನಾವು. ಹರಕೆ ಕಟ್ಟಿದ ಬುಡಕ್ಕೆ ಕೈ ಹಾಕೂಕೆ ಆಗ್ತದ್ಯನೆ? ಅಲ್ಲಿ ಬಳಚು ರಾಶಿ ಇತ್ತು. ಆದ್ರೂ ಒಬ್ಬರೂ ಮುಟ್ಲಿಲ್ಲ."

ಕೈ ಹಿಡಿದು ಮೊಣಕಾಲುದ್ದ ಕೆಸರಲ್ಲಿ ನಡೆಸಿಕೊಂಡು ಹೋದರು. ಬಟ್ಟೆ ಬಣ್ಣಗೆಟ್ಟಿತ್ತು. ಅದರ ಸುತ್ತ ಎರಡು ಚಾಪೆಯಷ್ಟು ಕೆಸರು ಮಾತ್ರ ನುಣ್ಣಗೆ, ಇದ್ದ ಹಾಗೇ ಇತ್ತು. ಅದನ್ನು ತುಂಬಿಕೊಂಡು ಬಂದ ಮೂರನೇ ದಿನ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಒಂದಲ್ಲ, ನಾಲ್ಕು ಗಂಡು! ಲ್ಯಾಬಿನಲ್ಲಿ ಒಬ್ಬಳೇ ಕುಣಿದೆ.

ಮುಂದಿನ ವಾರ ಸಿಹಿ ಹಿಡಿದು ಹೋಗಿ, "ಅದು ಹರಕೆಯಲ್ಲ ದೇವಕ್ಕ, ಬರೀ ಗುರುತು" ಎಂದು ಸತ್ಯ ಹೇಳಿದೆ.

"ಬಟ್ಟೆ ಕಟ್ಟಿದೆ, ಬೇಕಾದ್ದು ಸಿಕ್ತು. ಹರಕೆ ಅಲ್ದೆ ಮತ್ತೆಂತದೆ? ನಡಿ, ಕಾಯಿ ಒಡಿ" ಎಂದು ಗದರಿದರು. ಒಡೆದೆ.

ಈಗ ಆ ಹುಳದ ವಿವರಣೆ ಅಚ್ಚಾಗಿದೆ. ಸಿಕ್ಕ ಜಾಗ, ಹಿಡಿದವರು ಎಂಬ ಕಡೆ ಎಲ್ಲ ತುಂಬಿದ್ದೇನೆ. ಕಾದವರು ಯಾರು ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ: ದೇವಕ್ಕ ಮತ್ತು ಜೊತೆಯವರು. ಯಾರದೋ ಆಸೆ ಕೆಡಬಾರದೆಂದು ನಾಲ್ಕು ತಿಂಗಳು ತಮ್ಮ ಪಾಲಿನ ಬಳಚು ಬಿಟ್ಟುಕೊಟ್ಟವರು.